ಓರೆ ನಿಂತ ದಪ್ಪ ಅಕ್ಷರ: ಒಂದು ಬ್ಯಾನರ್, ಮೂರು ಫಾಂಟ್

ಎತ್ತುಗಳು ಬಂಡಿ ಎಳೆಯುವ ತೇರಬಂಡಿ ಸ್ಪರ್ಧೆಯ ಬ್ಯಾನರ್ ಮಾಡಿಸಲು ಮುಧೋಳ ಕಡೆಯ ಹುಡುಗರು ಬಂದಿದ್ದರು. "ಅಣ್ಣಾರ, ಅಕ್ಷರ ಓಡಿದಂಗ ಕಾಣಬೇಕ್ರಿ" ಅಂದರು. ಬಾಗಲಕೋಟೆ ನವನಗರದ ನಮ್ಮ ಫ್ಲೆಕ್ಸ್ ಅಂಗಡಿಗೆ ಈ ಮಾತು ಹೊಸದಲ್ಲ. ಕಬಡ್ಡಿ ಇರಲಿ, ಕುಸ್ತಿ ಇರಲಿ, ಎಲ್ಲರಿಗೂ ಬಲಕ್ಕೆ ವಾಲಿದ ದಪ್ಪ ಅಕ್ಷರವೇ ಬೇಕು.

ಇಂಗ್ಲಿಷ್ ಸಾಲಿಗೆ ತಲೆನೋವಿಲ್ಲ. ಪಾಪಿನ್ಸ್, ಮಾಂಟ್ಸೆರಾಟ್ ಎರಡೂ ಫಾಂಟ್‌ಗಳಲ್ಲಿ ಬ್ಲ್ಯಾಕ್ ಇಟಾಲಿಕ್, ಅಂದರೆ ತುಂಬಾ ದಪ್ಪನೆಯ ಓರೆ ಅಕ್ಷರ, ಸಿದ್ಧವಾಗಿಯೇ ಸಿಗುತ್ತದೆ. ಬಹುಮಾನದ ಅಂಕಿಗೆ ನನಗೆ ಪಾಪಿನ್ಸ್ ಇಷ್ಟ.

ಕನ್ನಡದ ಕಥೆ ಬೇರೆ. ಇಟಾಲಿಕ್ ಹುಟ್ಟಿದ್ದು 1500ರ ಸುಮಾರಿಗೆ ವೆನಿಸ್‌ನಲ್ಲಿ, ಆಲ್ಡಸ್ ಮನುಟಿಯಸ್ ಮುದ್ರಣಾಲಯದಲ್ಲಿ, ಅಲ್ಲಿನವರ ಕೈಬರಹ ನೋಡಿ. ನಮ್ಮ ಲಿಪಿಗೆ ಆ ರೂಢಿ ಇರಲಿಲ್ಲ. ನಾನು ಹೋಲಿಸಿದ ಮೂರೂ ಫಾಂಟ್‌ಗಳಲ್ಲಿ ಇಟಾಲಿಕ್ ಇಲ್ಲ. ಬ್ಯಾನರ್ ವಿನ್ಯಾಸ ಮಾಡುವ ಕೋರಲ್‌ಡ್ರಾ ಸಾಫ್ಟ್‌ವೇರ್‌ನಲ್ಲಿ ನಾವೇ ವಾಲಿಸಬೇಕು.

'ಸ್ಪರ್ಧೆ' ಅನ್ನೋ ಒಂದೇ ಪದ ಸಾಕು, ಫಾಂಟಿನ ಹಣೆಬರಹ ಗೊತ್ತಾಗುತ್ತದೆ. ಒಂದು ಅಡಿ ಎತ್ತರದ ಅಕ್ಷರವನ್ನು 12 ಡಿಗ್ರಿ ವಾಲಿಸಿದರೆ ತಲೆ ಸುಮಾರು ಎರಡೂವರೆ ಇಂಚು ಬಲಕ್ಕೆ ಹೋಗುತ್ತದೆ. ಅಕ್ಷರ ಕೂರುವ ಗೆರೆಯ ಕೆಳಗಿರುವ ಪ ಒತ್ತು ಮಾತ್ರ ಎಡಕ್ಕೆ ಜಾರಿ ಸ ಅಕ್ಷರದ ಅಡಿಗೆ ನುಗ್ಗುತ್ತದೆ. ಧೆ ಮೇಲಿನ ಏತ್ವ ಮುಂದೆ ಬಾಗಿ ಅರ್ಕಾವತ್ತಿನ ನೆತ್ತಿಗೆ ಬರುತ್ತದೆ. ಇನ್ನು ಧ ಅಕ್ಷರದ ಹೊಟ್ಟೆ ಸೀಳೋದು. ಶಾಲೆಯಲ್ಲಿ ಅಕ್ಕೋರು ಅಷ್ಟು ಹೇಳಿ ಕಲಿಸಿದ ಆ ಸೀಳು ಫ್ಲೆಕ್ಸ್ ಮಸಿಯಲ್ಲಿ ಮುಚ್ಚಿಹೋದರೆ 'ಸ್ಪರ್ದೆ' ಆಗುತ್ತದೆ. ಊರ ಮುಂದೆ ಅಂಥ ತಪ್ಪು ತೂಗುಹಾಕೋದು ನನಗಂತೂ ಸಹಿಸಲು ಆಗಲ್ಲ.

ಮೊದಲು ಬಾಲೂ ತಮ್ಮ 2 ಹಾಕಿದೆ. ಫಾಂಟ್ ಮಾಡುವ ಮುಂಬೈನ ಏಕ್ ಟೈಪ್‌ನವರದು. ಬಾಲೂ ಸರಣಿಯಲ್ಲಿ ಗುಜರಾತಿಗೆ ಭಾಯ್, ಬಂಗಾಳಿಗೆ ದಾ, ನಮಗೆ ತಮ್ಮ ಅಂತ ಹೆಸರಿಟ್ಟಿದ್ದಾರೆ, ಎಷ್ಟು ಚೆಂದ ಅಲ್ವಾ? ತುದಿಗಳೆಲ್ಲ ದುಂಡು. ವಾಲಿಸಿದರೂ ಓಡುವ ಹಾಗೆ ಕಾಣಲ್ಲ, ನಗುತ್ತಾ ನಿಂತ ಹಾಗೆ ಕಾಣುತ್ತದೆ. ಐಸ್‌ಕ್ರೀಮ್ ಅಂಗಡಿಗೆ, ಮಕ್ಕಳ ಹುಟ್ಟುಹಬ್ಬಕ್ಕೆ ಇದನ್ನು ಬಿಟ್ಟು ಬೇರೆ ಹುಡುಕಬೇಡಿ. ಎತ್ತಿನ ಓಟಕ್ಕೆ ಹೊಂದಲ್ಲ.

ನೋಟೋ ಸ್ಯಾನ್ಸ್ ಕನ್ನಡ ಬ್ಲ್ಯಾಕ್ ನೆಟ್ಟಗಿದ್ದಾಗ ಗಟ್ಟಿ. ವಾಲಿಸಿದ ಕೂಡಲೇ ಭಾರ ಜಾಸ್ತಿ ಅನ್ನಿಸಿತು. ಸ್ಥಳ, ದಿನಾಂಕದ ಸಾಲಿಗೆ ನೆಟ್ಟಗೇ ಇಟ್ಟೆ.

ಅನೇಕ್ ಕನ್ನಡ ಎಕ್ಸ್‌ಟ್ರಾಬೋಲ್ಡ್ ಕೈ ಹಿಡಿಯಿತು. ಇದೂ ಏಕ್ ಟೈಪ್‌ನದೇ. ದಪ್ಪದ ಜೊತೆ ಅಗಲವನ್ನೂ ಬದಲಿಸಬಹುದು. ಪೂರ್ತಿ ಕಿರಿದು ಮಾಡಿದಾಗ ಅಕ್ಷರಗಳು ಒಂದಕ್ಕೊಂದು ಒತ್ತಿಕೊಂಡವು. ಸ್ವಲ್ಪ ಅಗಲ ಕೊಟ್ಟ ಮೇಲೆ ಧ ಸೀಳು ಉಳಿಯಿತು, ಗೆರೆಗಳಲ್ಲಿ ಬಿಗಿಯೂ ಇತ್ತು. 12 ಡಿಗ್ರಿಯಲ್ಲಿ ಮುಗ್ಗರಿಸಿ ಬೀಳುವ ಹಾಗೆ ಕಂಡಿತು. 8ಕ್ಕೆ ಇಳಿಸಿದೆ. ನೊಗಕ್ಕೆ ಹೆಗಲು ಕೊಟ್ಟ ಎತ್ತಿನ ಹಾಗೆ ಮುಂದಕ್ಕೆ ಬಾಗಿ ನಿಂತಿತು. ಕೊನೆಗೆ ಅಕ್ಷರವನ್ನು ಬಿಡಿ ಭಾಗಗಳಾಗಿ ಒಡೆದು ಪ ಒತ್ತನ್ನು ಕೈಯಾರೆ ಬಲಕ್ಕೆ ಸರಿಸಿದೆ. ಸೀಳನ್ನು ಒಂದು ಕೂದಲೆಳೆಯಷ್ಟು ಅಗಲ ಮಾಡಿ ಪ್ರಿಂಟಿಗೆ ಬಿಟ್ಟೆ.