ಮನೆ ಹುಬ್ಬಳ್ಳಿಯಲ್ಲೋ, ಧಾರವಾಡದಲ್ಲೋ?

ನಡುವೆ ಬರೀ 20 ಕಿ.ಮೀ., 1962ರಲ್ಲೇ ಎರಡೂ ಸೇರಿ ಒಂದೇ ಮಹಾನಗರ ಪಾಲಿಕೆಯಾಗಿತ್ತು. ಆದರೂ ಧಾರವಾಡದವರನ್ನು ‘ನೀವು ಹುಬ್ಬಳ್ಳಿಯವರಾ?’ ಎಂದು ಕೇಳಿದರೆ ಮುಖ ಗಂಟಾಗುತ್ತದೆ. ಗಾಡಿ ನಂಬರೂ ಬೇರೆ: ಧಾರವಾಡದ್ದು ಕೆಎ-25, ಹುಬ್ಬಳ್ಳಿಯದು ಕೆಎ-63.

ವ್ಯಾಪಾರ ಅಥವಾ ರೈಲ್ವೆ ನೌಕರಿಯಿದ್ದರೆ ಹುಬ್ಬಳ್ಳಿಯೇ ಸರಿ. ನೈರುತ್ಯ ರೈಲ್ವೆಯ ಕೇಂದ್ರ ಕಚೇರಿ, ವಿಮಾನ ನಿಲ್ದಾಣ, ಅಮರಗೋಳದ ಎಪಿಎಂಸಿ ಎಲ್ಲ ಅಲ್ಲೇ. ಓದು, ಸರ್ಕಾರಿ ಕೆಲಸಕ್ಕೆ ಧಾರವಾಡ: ಕರ್ನಾಟಕ ವಿಶ್ವವಿದ್ಯಾಲಯ, ಕೃಷಿ ವಿಶ್ವವಿದ್ಯಾಲಯ, ಐಐಟಿ, ಜಿಲ್ಲಾಧಿಕಾರಿ ಕಚೇರಿ. ವಕೀಲರಂತೂ ಯೋಚಿಸಲೇಬೇಡಿ, ಹೈಕೋರ್ಟ್ ಪೀಠ ಬೆಳಗಾವಿ ದಿಕ್ಕಿಗಿದೆ, ಹುಬ್ಬಳ್ಳಿಯಿಂದ ಹೊರಟರೆ ಇಡೀ ಧಾರವಾಡ ದಾಟಬೇಕು.

ದಿನಾ ಓಡಾಡುವವರಿಗೆ ಎರಡೂ ಊರಿನ ನಡುವೆ ಪ್ರತ್ಯೇಕ ಪಥದಲ್ಲಿ ಓಡುವ ‘ಚಿಗರಿ’ ಬಸ್ಸಿದೆ. 200ಎ ನಂಬರಿನ ಬಸ್ಸು ಎಲ್ಲ ಕಡೆ ನಿಲ್ಲುತ್ತದೆ, 100ಡಿ ಎಲ್ಲ ಕಡೆ ನಿಲ್ಲುವುದಿಲ್ಲ. ನಡುದಾರಿಯ ನವಲೂರಿನಲ್ಲಿ ಇಳಿಯಬೇಕಾದವರು 100ಡಿ ಹತ್ತಿದರೆ ಕೆಟ್ಟರು.

ಜಗಳದ ಬೇರು ಪಾಲಿಕೆಯಲ್ಲಿದೆ. ಜಂಟಿ ಪಾಲಿಕೆಯ 82 ವಾರ್ಡುಗಳಲ್ಲಿ ಧಾರವಾಡದ್ದು 26, ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲಿ. ಅನುದಾನ ಅತ್ತಲೇ ಹರಿಯುತ್ತದೆಂಬ ಸಿಟ್ಟು ಹಳೆಯದು. ಅದಕ್ಕೇ ಪ್ರತ್ಯೇಕ ಪಾಲಿಕೆಯ ಹೋರಾಟ. 2025ರ ಜನವರಿಯಲ್ಲಿ ಸಚಿವ ಸಂಪುಟ ಅದಕ್ಕೆ ಒಪ್ಪಿತು. ಧಾರವಾಡದಲ್ಲಿ ಸೈಟು ಕೊಳ್ಳುವವರು ಆ ಜಾಗ ಯಾವ ಪಾಲಿಕೆಯ ವ್ಯಾಪ್ತಿಗೆ ಬರುತ್ತದೆಂದು ಮೊದಲೇ ವಿಚಾರಿಸಿ.