ವಾಲಿ ಬಿದ್ದ ಮೇಲೆ ಎಷ್ಟು ಹೊತ್ತು?

ಕಾಸರಗೋಡಿನ ಕುಂಬಳೆ ಕಡೆಯವರಿಗೆ ಯಕ್ಷಗಾನ ಕವಿ ಪಾರ್ತಿಸುಬ್ಬ ಅಂದರೆ ಮನೆಯವನ ಹಾಗೆ. ಅವನ ಹೆಸರಿನಲ್ಲಿರುವ ಪಂಚವಟಿ, ವಾಲಿವಧೆಯ ಆಟವನ್ನು ಕೊಯ್ಲಾದ ಗದ್ದೆಯಲ್ಲಿ ಕೂತು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ನೋಡಿದ್ದು ಅಂದರೆ ಶೂರ್ಪನಖಿಯ ಅಬ್ಬರ ಮುಗಿಯುವ ತನಕ ಮಾತ್ರ. ಆಮೇಲೆ ಚಾಪೆಯಲ್ಲಿ ನಿದ್ದೆ. ಬೆಳಗಿನ ಜಾವ ಅಜ್ಜ ಬೆನ್ನು ತಟ್ಟಿ ಎಬ್ಬಿಸುತ್ತಿದ್ದರು: "ಏಳು ಮಾಣಿ, ವಾಲಿ ಬಿದ್ದ."

ಬಿದ್ದ ವಾಲಿ ಸುಲಭಕ್ಕೆ ಸಾಯುತ್ತಿರಲಿಲ್ಲ. ಎದೆಯ ಬಾಣ ಹಿಡಿದುಕೊಂಡು ರಾಮನನ್ನು ಕೇಳುತ್ತಲೇ ಇರುತ್ತಿದ್ದ. ಮರದ ಮರೆಯಲ್ಲಿ ಯಾಕೆ ನಿಂತೆ? ನಿನಗೂ ನನಗೂ ಏನು ಜಗಳ? ಅವನ ಮಾತು ಮುಗಿಯುವಾಗ ಗದ್ದೆಯ ಬದು ಕಾಣುವಷ್ಟು ಬೆಳಕಾಗಿರುತ್ತಿತ್ತು.

ಆ ಬೆಳಗು ಮತ್ತೆ ಸಿಗುತ್ತದಾ ಅಂತ ಒಂದೇ ವರ್ಷದಲ್ಲಿ ಮೂರು ಕಡೆ ಹೋದೆ.

ಮೊದಲು ಇಡೀ ರಾತ್ರಿಯ ಹರಕೆ ಆಟ. ಆಸೆ ಜಾಸ್ತಿ ಇದ್ದದ್ದು ಇದರ ಮೇಲೆಯೇ. ಬೇಗ ಹೋಗಿ, ಬಣ್ಣ ಹಚ್ಚುವ ಚೌಕಿಗೆ ಇಣುಕಿದೆ. ಹೆಣ್ಣುಬಣ್ಣದ, ಅಂದರೆ ರಾಕ್ಷಸಿ ವೇಷದ, ಕಲಾವಿದರು ಕೈಗನ್ನಡಿ ಹಿಡಿದು ಚುಟ್ಟಿ ಇಡುತ್ತಿದ್ದರು. ಅಕ್ಕಿಹಿಟ್ಟು, ಸುಣ್ಣ ಕಲಸಿದ ಹಿಟ್ಟನ್ನು ಕಡ್ಡಿಯ ತುದಿಯಲ್ಲಿ ತೆಗೆದು ಕೆನ್ನೆಯ ಮೇಲೆ ಮುಳ್ಳುಮುಳ್ಳಾಗಿ ನಿಲ್ಲಿಸುವುದು. ಒಂದು ಸಾಲು ಒಣಗಿದ ಮೇಲೆ ಇನ್ನೊಂದು. ನಿಜ ಹೇಳಬೇಕೆಂದರೆ, ಆ ರಾತ್ರಿ ನಾನು ಕಣ್ಣು ಮಿಟುಕಿಸದೆ ನೋಡಿದ್ದು ಅದೊಂದನ್ನೇ.

ಯಾಕೆಂದರೆ ಒಂದು ರಾತ್ರಿಗೆ ಮೂರು ಪ್ರಸಂಗ ತುರುಕಿದ್ದರು. ರಾತ್ರಿ ಉದ್ದವೇ ಇತ್ತು, ವಾಲಿಗೆ ಮಾತ್ರ ಜಾಗವಿರಲಿಲ್ಲ. ಒಂದೂವರೆಗೇ ಬಿದ್ದ. ನಾಲ್ಕು ಮಾತು, ಅದರಲ್ಲೊಂದು ಚುನಾವಣೆಯ ತಮಾಷೆ. ಪ್ರಾಣ ಹೋಯಿತು. ಪಕ್ಕದವರು ಮೊಬೈಲಿನಲ್ಲಿ ಕ್ರಿಕೆಟ್ ನೋಡುತ್ತಿದ್ದರು. ನಾನೇನು ಸಾಚಾ ಅಲ್ಲ ಬಿಡಿ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಸೊಂಟ ಹಿಡಿದು ನಾನೂ ಎರಡು ಸಲ ಸ್ಕೋರು ಕೇಳಿದೆ. ಚರುಮುರಿ ಮಾತ್ರ ಮೊದಲಿನ ಹಾಗೇ ಇತ್ತು.

ಎರಡನೆಯದು ಪೇಟೆಯ ಹಾಲಿನಲ್ಲಿ ಕಾಲಮಿತಿಯ ಆಟ. ಸಂಜೆ ಆರರಿಂದ ಒಂಬತ್ತೂವರೆ. ರಾತ್ರಿ 10ರಿಂದ ಬೆಳಗ್ಗೆ 6ರ ತನಕ ಬಯಲಿನಲ್ಲಿ ಧ್ವನಿವರ್ಧಕ ಕೂಡದು ಅಂತ 2000ನೇ ಇಸವಿಯ ನಿಯಮವೇ ಇದೆಯಲ್ಲ, ಸಂಘಟಕರಿಗೂ ಇದೇ ಸಲೀಸು. ಬೈಯಲೇಬೇಕೆಂದು ಹೋದವನಿಗೆ ಅರ್ಧ ಖುಷಿಯೇ ಆಯಿತು. ಪದ ಸ್ಪಷ್ಟ, ಚೆಂಡೆ ಕಿವಿ ಒಡೆಯುವುದಿಲ್ಲ, ಸುಗ್ರೀವ ಗಿರ್ರನೆ ಸುತ್ತಿ ಹಾರುವ ಧಿಗಿಣಕ್ಕೆ ಮಕ್ಕಳು ಕೂತಲ್ಲೇ ಕುಣಿದರು. ಮಲಯಾಳಂ ಮೀಡಿಯಂನಲ್ಲಿ ಓದುವ ನನ್ನ ತಂಗಿಯ ಮಗಳು ಕೂಡ ಒಮ್ಮೆಯೂ "ಮನೆಗೆ ಹೋಗುವಾ ಮಾವ" ಅನ್ನಲಿಲ್ಲ.

ಆದರೆ ನಡುವೆ ನಲವತ್ತು ನಿಮಿಷ ಸನ್ಮಾನ. ಶಾಲು, ಹಾರ, ಹಣ್ಣಿನ ಬುಟ್ಟಿ, ಅಭಿನಂದನೆ, ಅದಕ್ಕೊಂದು ಉತ್ತರ. ಶೂರ್ಪನಖಿ ತೆರೆಯ ಹಿಂದೆ ಕುಣಿಯುವ ತೆರೆ ಕುಣಿತ ಕತ್ತರಿಸಿದರು, ತಾರೆ ಗಂಡನನ್ನು ತಡೆಯುವ ಭಾಗ ಹಾರಿಸಿದರು, ಸನ್ಮಾನದ ಒಂದು ಮಾತೂ ಕಡಿಮೆಯಾಗಲಿಲ್ಲ. ತಾರೆ ಎಚ್ಚರಿಸದೆ ವಾಲಿ ಹೊರಟರೆ ಅವನು ಬರೀ ಜಗಳಗಂಟ ಆಗುತ್ತಾನೆ, ಅಲ್ವಾ? ಗೊತ್ತಿದ್ದೂ ಹೋದ ಅನ್ನುವುದರಲ್ಲೇ ಇರುವುದು ಅವನ ಗತ್ತು.

ಮೂರನೆಯದು ಆಟಿ ತಿಂಗಳ ಮಳೆಯಲ್ಲಿ, ಬದಿಯಡ್ಕ ಹತ್ತಿರ ಒಂದು ಮನೆಯ ಚಾವಡಿಯಲ್ಲಿ, ಕೂತು ಮಾತಿನಲ್ಲೇ ನಡೆಸುವ ತಾಳಮದ್ದಳೆ. ಸುಮ್ನೆ ಹೋದದ್ದು. ಕಿರೀಟ ಇಲ್ಲ, ಬಣ್ಣ ಇಲ್ಲ, ಕುಣಿತ ಇಲ್ಲ. ಬಿಳಿ ಪಂಚೆ ಉಟ್ಟು ಕಾಲು ಮಡಚಿ ಕೂತ ನಾಲ್ಕು ಜನ, ಪದ ಹಾಡುವ ಭಾಗವತರು, ಚೆಂಡೆ, ಮದ್ದಳೆ. ಅಂಗಳದಲ್ಲಿ ಅಡಿಕೆ ಸೋಗೆಯ ಮೇಲೆ ಮಳೆ ಬೀಳುವ ಸದ್ದು.

ವಾಲಿಯ ಅರ್ಥ ಹೇಳಿದವರು, ಅಂದರೆ ವಾಲಿಯಾಗಿ ಮಾತಾಡಿದವರು, ನಿವೃತ್ತ ಮೇಷ್ಟ್ರು, ತೆಳ್ಳಗಿನ ಸ್ವರ. ರಾವಣನನ್ನು ಕಂಕುಳಲ್ಲಿ ಇರುಕಿಕೊಂಡು ತಿರುಗಿದವ ನಾನು, ಹೆಂಡತಿಯನ್ನು ತಂದುಕೊಡು ಅಂತ ನನ್ನನ್ನೇ ಕೇಳಬಾರದಿತ್ತಾ, ಅಂತ ಮೆಲ್ಲಗೆ ಕೇಳಿದರು. ತಮ್ಮನ ಹೆಂಡತಿಯನ್ನು ಇಟ್ಟುಕೊಂಡವನಿಗೆ ಇದೇ ಶಿಕ್ಷೆ ಅಂತ ರಾಮ. ನನ್ನನ್ನು ಮೃಗ ಅಂತ ಬೇಟೆಯಾಡಿದೆಯೋ, ಮನುಷ್ಯ ಅಂತ ದಂಡಿಸಿದೆಯೋ, ಒಂದನ್ನು ಹೇಳು ಅಂತ ವಾಲಿ. ರಾಮನಿಗೆ ಒಂದು ಕ್ಷಣ ಮಾತು ಸಿಗಲಿಲ್ಲ. ಚಾವಡಿಯಲ್ಲಿ ಎಲೆಯಡಿಕೆ ಜಗಿಯುವುದೂ ನಿಂತಿತ್ತು.

ಹೀಗೇ ಒಂದೂವರೆ ಗಂಟೆ. ನಡುವೆ ಮನೆಯ ಅಕ್ಕ ಚಾ ತಂದರು. ಬಾಣ ನಾಟಿದ ವಾಲಿ ಲೋಟ ಎತ್ತಿ ಎರಡು ಗುಟುಕು ಕುಡಿದರು, ಬಾಯಿ ಒರೆಸಿಕೊಂಡರು, ರಾಮನ ಕಡೆ ತಿರುಗಿ "ಇನ್ನೊಂದು ಪ್ರಶ್ನೆ ಇದೆ" ಅಂದರು.