ಕೀಂಯ್ ಎನ್ನುವ ಜಾಗ ಹುಡುಕಿಕೊಟ್ಟ ಆರು ಕ್ಲಿಪ್ಪು

ಗಾಡಿಯ ತಳದಿಂದ ಬರುವ ಕೀರಲು ಸದ್ದನ್ನು ಬರೀ ಕಿವಿಯಿಂದ ಹುಡುಕಿ ಸುಸ್ತಾದವರಿಗೆ ಈ ಕ್ಲಿಪ್ ಮೈಕ್ ಕಿಟ್ ನಿಜಕ್ಕೂ ಉಪಯೋಗದ ವಸ್ತು. ಚಾಸಿ ಇಯರ್ ಅಂತಲೂ ಇದನ್ನು ಕರೆಯುತ್ತಾರೆ. ಒಂದು ಸಣ್ಣ ಡಬ್ಬಿ, ಅದರಿಂದ ಹೊರಡುವ ಆರು ಉದ್ದನೆಯ ವೈರು, ಪ್ರತಿ ವೈರಿನ ತುದಿಗೆ ಹಲ್ಲಿರುವ ಕ್ಲಿಪ್ಪು, ಕ್ಲಿಪ್ಪಿನ ಮೇಲೆ ಪುಟ್ಟ ಮೈಕು. ಡಬ್ಬಿಯ ಮೇಲಿನ ಗುಂಡಿ ತಿರುಗಿಸಿದರೆ ಯಾವ ಮೈಕು ಬೇಕೋ ಅದು ಹೆಡ್‌ಫೋನಿನಲ್ಲಿ ಕೇಳಿಸುತ್ತದೆ. ಇಷ್ಟೇ. ಆದರೆ ಗಾಡಿ ಓಡುತ್ತಿರುವಾಗಲೇ ತಳದ ಆರು ಜಾಗಗಳನ್ನು ಒಂದಾದ ಮೇಲೊಂದು ಕೇಳಬಹುದು ಅನ್ನುವುದು ಸಣ್ಣ ವಿಷಯವಲ್ಲ.

ನನ್ನದು ಲ್ಯಾಡರ್ ಚಾಸಿಯ, ಅಂದರೆ ಏಣಿಯಂಥ ಉಕ್ಕಿನ ಚೌಕಟ್ಟಿನ ಮೇಲೆ ಕ್ಯಾಬಿನ್ ಕೂತಿರುವ, ಫೋರ್ ವೀಲ್ ಡ್ರೈವ್. ಹಿಂದೆ ಲೀಫ್ ಸ್ಪ್ರಿಂಗು, ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳು. ಸಮತಟ್ಟು ರಸ್ತೆಯಲ್ಲಿ ಗಾಡಿ ಮೌನ. ಮುಂದಿನ ಒಂದು ಚಕ್ರ ಹಳ್ಳಕ್ಕಿಳಿದು, ಹಿಂದೆ ಅದರ ಎದುರು ಮೂಲೆಯ ಚಕ್ರವೂ ಕೆಳಗಿಳಿದು, ಚಾಸಿ ತಿರುಚಿಕೊಂಡಾಗ ಮಾತ್ರ ಉದ್ದಕ್ಕೆ ಎಳೆದ ಹಾಗೆ ಕೀಂ...ಯ್. ಅದೂ ಸರಿಯಾಗಿ ನನ್ನ ಸೀಟಿನ ಕೆಳಗಿಂದ. ಬಂಪರ್ ಮೇಲೆ ನಿಂತು ಎಷ್ಟು ಕುಣಿದರೂ ಬರುವುದಿಲ್ಲ. ನೀರು ದಾಟಿದ ಮೇಲೆ ಸ್ವಲ್ಪ ಹೊತ್ತು ನಿಲ್ಲುತ್ತದೆ, ಒಣಗಿದರೆ ಮತ್ತೆ ಶುರು.

ಇಂಥ ಸದ್ದಿಗೆ ಎಲ್ಲರೂ ಕೊಡುವ ಸಲಹೆ ಒಂದೇ: ಕಂಡಕಂಡಲ್ಲಿ ಎಣ್ಣೆ ಸ್ಪ್ರೇ ಹೊಡಿ, ನಿಂತರೆ ನಿಲ್ಲಲಿ. ದಯವಿಟ್ಟು ಹಾಗೆ ಮಾಡಬೇಡಿ. ಎಲ್ಲದಕ್ಕೂ ಒಟ್ಟಿಗೆ ಹೊಡೆದರೆ ಸದ್ದು ನಿಂತರೂ ಎಲ್ಲಿಂದ ಬರುತ್ತಿತ್ತು ಅಂತ ಗೊತ್ತಾಗುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಪೆಟ್ರೋಲಿಯಂ ಎಣ್ಣೆ ಬಿದ್ದರೆ ಸಾಮಾನ್ಯ ರಬ್ಬರ್ ಬುಷ್ (ಕೀಲುಗಳ ಒಳಗೆ ಕೂರುವ ರಬ್ಬರ್ ಬಳೆ) ಊದಿಕೊಂಡು ಮೆತ್ತಗಾಗುತ್ತದೆ. ಇವತ್ತಿನ ಸದ್ದು ನಿಲ್ಲಿಸಲು ನಾಳೆಯ ಬುಷ್ ಹಾಳು ಮಾಡಿಕೊಂಡ ಹಾಗೆ.

ಕಿಟ್ ತೆಗೆಯುವ ಮೊದಲು ಸುಮ್ನೆ ಕೂತು ಕೇಳಬೇಕಾದ್ದೊಂದಿದೆ. ಸದ್ದು ವೇಗದ ಜೊತೆ ಏರುತ್ತದಾ? ಗೇರ್‌ಬಾಕ್ಸ್ ಕಡೆಯಿಂದ ಆಕ್ಸಲನ್ನು ತಿರುಗಿಸುವ ಪ್ರೊಪೆಲ್ಲರ್ ಶಾಫ್ಟಿನ ಯೂನಿವರ್ಸಲ್ ಜಾಯಿಂಟ್ (ಬಾಗುತ್ತಲೇ ತಿರುಗುವ ಕೀಲು) ಒಣಗಿದ್ದರೆ ಹಕ್ಕಿ ಮರಿ ಕೂಗಿದಂತೆ ಚಿಕ್ ಚಿಕ್ ಅನ್ನುತ್ತದೆ, ವೇಗ ಹೆಚ್ಚಿದಷ್ಟೂ ಆ ಚಿಕ್ ಚಿಕ್ ಬೇಗ ಬೇಗ ಬರುತ್ತದೆ. ಆಕ್ಸಲ್ ರೇಶಿಯೋ ಸುಮಾರು 4 ಇರುವ ಗಾಡಿಯಲ್ಲಿ ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಶಾಫ್ಟ್ ನಾಲ್ಕು ಸುತ್ತು ಬಂದಿರುತ್ತದೆ. 30 ಇಂಚಿನ ಟೈರು ಅಂದರೆ ಒಂದು ಸುತ್ತಿಗೆ ಸುಮಾರು 2.4 ಮೀಟರ್. ಗಂಟೆಗೆ 10 ಕಿಲೋಮೀಟರಿನಲ್ಲಿ ಹೋದರೆ ಚಕ್ರ ಸೆಕೆಂಡಿಗೆ ಒಂದು ಸುತ್ತಿಗಿಂತ ಸ್ವಲ್ಪ ಜಾಸ್ತಿ, ಶಾಫ್ಟ್ ನಾಲ್ಕೂವರೆಗಿಂತ ಜಾಸ್ತಿ. ಸೆಕೆಂಡಿಗೆ ಒಂದೇ ಸಲ ಚಿಕ್ ಅಂದರೆ ಚಕ್ರದ ಕಡೆ ನೋಡಿ: ಬ್ರೇಕ್ ಡಿಸ್ಕಿಗೂ ಅದರ ಹಿಂದಿನ ತಗಡಿಗೂ ನಡುವೆ ಸಿಕ್ಕಿಕೊಂಡ ಒಂದು ಸಣ್ಣ ಕಲ್ಲೂ ಇರಬಹುದು. ಎಣಿಸಲಾಗದಷ್ಟು ಬೇಗ ಬಂದರೆ ಶಾಫ್ಟಿನ ಕಡೆ. ನನ್ನ ಗಾಡಿಯ ಸದ್ದಿಗೆ ಇದ್ಯಾವುದರ ಲೆಕ್ಕವೂ ಹೊಂದಲಿಲ್ಲ. ಚಾಸಿ ತಿರುಚಿದಾಗ ಬಂತು, ಬಿಟ್ಟಾಗ ಹೋಯಿತು. ಅಂದರೆ ತಿರುಗುವ ಭಾಗವಲ್ಲ, ಬಾಗುವ ಭಾಗ.

ಬಾಗುವ ಭಾಗಗಳೇನು ಕಡಿಮೆಯಾ? ಸ್ಪ್ರಿಂಗ್ ಪಟ್ಟಿಗಳ ನಡುವಿನ ಪ್ಯಾಡು, ಸ್ಪ್ರಿಂಗಿನ ಹಿಂದಿನ ತುದಿಯನ್ನು ಚಾಸಿಗೆ ಸೇರಿಸುವ ಓಲಾಡುವ ಕೊಂಡಿ ಅಂದರೆ ಶಾಕಲ್, ಮುಂದಿನ ಕಣ್ಣಿನ (ಪಟ್ಟಿಯ ಸುತ್ತಿದ ತುದಿಯ) ಬುಷ್, ಶಾಕ್ ಅಬ್ಸಾರ್ಬರಿನ ಎರಡೂ ತುದಿ, ಕ್ಯಾಬಿನ್ ಕೂತಿರುವ ರಬ್ಬರ್ ಮೌಂಟುಗಳು. ಇಲ್ಲೇ ಕಿವಿ ಮೋಸ ಹೋಗುವುದು. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋದರೆ ಉಕ್ಕಿನಲ್ಲಿ 5,000 ಮೀಟರಿಗೂ ಹೆಚ್ಚು. ಹಿಂದೆಲ್ಲೋ ಹುಟ್ಟಿದ ಕೀರಲು ಚಾಸಿ ಹಿಡಿದು ಓಡಿ ಬಂದು, ಮೌಂಟ್ ಇರುವಲ್ಲಿ ಮೇಲೆ ಹತ್ತಿ, ಕ್ಯಾಬಿನ್ನಿನ ತಗಡು ನೆಲವನ್ನು ನಡುಗಿಸುತ್ತದೆ. ಕೂತವರಿಗೆ ಕೇಳುವುದು ಆ ತಗಡಿನ ಸದ್ದು.

ಮೊದಲ ಸುತ್ತಿನಲ್ಲಿ ಕ್ಲಿಪ್ಪುಗಳನ್ನು ದೂರ ದೂರ ಹಾಕಿದೆ. ಸೀಟಿನ ಕೆಳಗಿನ ಮೌಂಟಿಗೆ ಒಂದು, ಎರಡೂ ಬದಿಯ ಶಾಕಲ್‌ಗೆ ಒಂದೊಂದು, ಎರಡೂ ಬದಿಯ ಮುಂದಿನ ಕಣ್ಣಿನ ಬ್ರಾಕೆಟ್ಟಿಗೆ ಒಂದೊಂದು, ಉಳಿದದ್ದು ಎಡಗಡೆ ಶಾಕ್ ಅಬ್ಸಾರ್ಬರಿನ ಕೆಳತುದಿಗೆ. ಯಾವ ನಂಬರ್ ಎಲ್ಲಿ ಅಂತ ಚೀಟಿಯಲ್ಲಿ ಬರೆದುಕೊಂಡೆ. ಆಮೇಲೆ ನೆನಪಿರುತ್ತದೆ ಅಂದುಕೊಳ್ಳಬೇಡಿ, ಖಂಡಿತ ಇರುವುದಿಲ್ಲ. ಹೆಡ್‌ಫೋನ್ ಹಾಕಿಕೊಂಡು ಗಾಡಿ ಓಡಿಸುವುದು ಅಪಾಯ, ಹಾಗಾಗಿ ಕೇಳುವ ಕೆಲಸ ಪಕ್ಕದಲ್ಲಿ ಕೂತ ತಂಗಿಯದು. ಹಳ್ಳದ ಮೇಲೆ ಓರೆಯಾಗಿ, ಲೋ ರೇಂಜಿನ ಮೊದಲ ಗೇರಿನಲ್ಲಿ ಮೆಲ್ಲಗೆ ಹತ್ತಿಸಿದೆ. ಅವಳು ಗುಂಡಿ ತಿರುಗಿಸುತ್ತಾ ಹೋದಳು.

“ಅಣ್ಣಾ, ಒಂದರಲ್ಲಿ ಜೋರಾಗಿದೆ. ಆದ್ರೆ ನಾಲ್ಕರಲ್ಲಿ ಚೂಪಾಗಿದೆ, ಕಿವಿಗೆ ಚುಚ್ಚುತ್ತೆ.”

ಈ ಕಿಟ್ ಬಳಸುವವರು ಗಮನಿಸಬೇಕಾದ್ದು ಈ ವ್ಯತ್ಯಾಸವನ್ನೇ. ಒಂದು ಅಂದರೆ ಸೀಟಿನ ಕೆಳಗಿನ ಮೌಂಟು, ನಾಲ್ಕು ಅಂದರೆ ಎಡಗಡೆ ಸ್ಪ್ರಿಂಗಿನ ಮುಂದಿನ ಕಣ್ಣು. ಜೋರಾಗಿ ಕೇಳುವ ಜಾಗವೆಲ್ಲ ಸದ್ದು ಹುಟ್ಟುವ ಜಾಗವಲ್ಲ. ರಬ್ಬರ್ ದಾಟಿ ಬಂದ ಸದ್ದು ಮೊಂಡಾಗುತ್ತದೆ, ಅದರ ಚೂಪು ಭಾಗ ರಬ್ಬರಿನಲ್ಲೇ ಉಳಿಯುತ್ತದೆ. ಎರಡನೇ ಸುತ್ತಿಗೆ ಕ್ಲಿಪ್ಪುಗಳನ್ನೆಲ್ಲ ಆ ಕಣ್ಣಿನ ಸುತ್ತಲೇ ತಂದು ಹಾಕಿದೆ: ಬೋಲ್ಟಿನ ತಲೆ, ನಟ್ಟಿನ ಕಡೆ, ಪಟ್ಟಿಯ ಬೆನ್ನು, ಬ್ರಾಕೆಟ್ಟು. ಪಟ್ಟಿಯ ಬೆನ್ನಿನ ಮೇಲಿನ ಮೈಕಿನಲ್ಲಿ ಸದ್ದಿನ ಮೊದಲಿಗೆ ಒಂದು ಸಣ್ಣ ಟಿಕ್, ಆಮೇಲೆ ಕೀಂಯ್. ಹಿಡಿದುಕೊಂಡದ್ದು ಬಿಟ್ಟು ಜಾರುವ ಸದ್ದು ಅದು. ಸೀಟಿನಲ್ಲಿ ಕೂತವರಿಗೆ ಆ ಟಿಕ್ ಕೇಳಿಸುವುದೇ ಇಲ್ಲ.

ಖಚಿತಪಡಿಸಿಕೊಳ್ಳಲು ಗಾಡಿ ನಿಲ್ಲಿಸಿ, ಮೈಕು ತೆಗೆದು, ಬರೀ ಆ ಬುಷ್ ಮೇಲೆ ಬಾಟಲಿಯಿಂದ ನೀರು ಚಿಮುಕಿಸಿದೆ. ಎಣ್ಣೆಯಲ್ಲ, ನೀರು. ಮತ್ತೆ ಅದೇ ಹಳ್ಳ ಹತ್ತಿಸಿದರೆ ಸದ್ದಿಲ್ಲ.

ಬುಷ್ ಹೊರಗೆ ತೆಗೆದಾಗ ನೋಡಬೇಕಿತ್ತು. ಒಳಗಿನ ಉಕ್ಕಿನ ಕೊಳವೆಗೆ ಅಂಟಿಕೊಂಡಿರಬೇಕಾದ ರಬ್ಬರ್ ಅರ್ಧ ಸುತ್ತು ಬಿಟ್ಟುಕೊಂಡಿತ್ತು. ಬಿಟ್ಟ ಕಡೆ ರಬ್ಬರ್ ಉಜ್ಜಿ ಉಜ್ಜಿ ಹೊಳೆಯುತ್ತಿತ್ತು. ಕೊಳವೆಯ ಮೇಲೆ ಕಂದು ತುಕ್ಕು, ಅದರೊಳಗೆ ನುಣ್ಣನೆ ಕೆಸರಿನ ಪುಡಿ. ಬೆರಳಲ್ಲಿ ತಿಕ್ಕಿದರೆ ಮರಳು ಕಾಗದದಷ್ಟೇ ಒರಟು. ಅಂಟಿಕೊಂಡಿರುವ ರಬ್ಬರ್ ಜಾರುವುದಿಲ್ಲ, ತಿರುಚಿಕೊಂಡು ವಾಪಸ್ ಬರುತ್ತದೆ. ಹಾಗಾಗಿ ಸದ್ದು ಮಾಡುವುದಿಲ್ಲ. ಬಿಟ್ಟುಕೊಂಡ ಮೇಲೆ ಜಾರುತ್ತದೆ, ಕೂಗುತ್ತದೆ.

ಹೊಸದನ್ನು ಹಾಕಿದ ಮೇಲೆ ಬೋಲ್ಟನ್ನು ಪೂರ್ತಿ ಬಿಗಿ ಮಾಡಬೇಕಾದದ್ದು ಗಾಡಿ ಜಾಕಿನಿಂದ ಇಳಿದು, ಭಾರವೆಲ್ಲ ಸ್ಪ್ರಿಂಗಿನ ಮೇಲೆ ಕೂತ ನಂತರವೇ. ಆಕ್ಸಲ್ ನೇತಾಡುತ್ತಿರುವಾಗ ಬಿಗಿ ಮಾಡಿದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಪಾಲಿಯುರೆಥೇನ್ ಬುಷ್ ಹಾಕುವವರಿಗೆ ಈ ಲೆಕ್ಕ ಬೇರೆ. ಅದು ಜಾರಲೆಂದೇ ಇರುವುದು, ಸಿಲಿಕೋನ್ ಥರದ ಗ್ರೀಸ್ ಬೇಕು, ಒಣಗಿದರೆ ಅದೂ ಕೂಗುತ್ತದೆ.

ಕಿಟ್ಟಿನಲ್ಲಿ ನನಗೆ ಹಿಡಿಸದ್ದೂ ಇದೆ. ಕ್ಲಿಪ್ಪಿನ ಬಾಯಿ ಸಣ್ಣದು, ದಪ್ಪ ಚಾಸಿಯನ್ನು ಹಿಡಿಯುವುದಿಲ್ಲ. ಬೋಲ್ಟಿನ ತುದಿಯೋ ಬ್ರಾಕೆಟ್ಟಿನ ಅಂಚೋ ಹುಡುಕಬೇಕು. ಸಡಿಲ ಕೂತ ಕ್ಲಿಪ್ಪು ತಾನೇ ಗಡಗಡ ಅನ್ನುತ್ತದೆ, ಅದನ್ನೇ ಗಾಡಿಯ ಸದ್ದು ಅಂದುಕೊಳ್ಳುವ ಅಪಾಯವಿದೆ. ವೈರುಗಳನ್ನು ಪ್ರೊಪೆಲ್ಲರ್ ಶಾಫ್ಟಿನಿಂದಲೂ ಸೈಲೆನ್ಸರ್ ಕೊಳವೆಯಿಂದಲೂ ದೂರ ಎಳೆದು ಟೈ ಹಾಕುವುದಕ್ಕೇ ಅರ್ಧ ಸಮಯ ಹೋಗುತ್ತದೆ. ಇದರಲ್ಲಿ ಮಾತ್ರ ಆತುರ ಬೇಡ, ಶಾಫ್ಟಿಗೆ ಸುತ್ತಿಕೊಂಡ ವೈರು ಕ್ಲಿಪ್ಪನ್ನೂ ಕಿತ್ತುಕೊಂಡು ಹೋಗುತ್ತದೆ. ವೈರ್ ಇಲ್ಲದ ಬಗೆಯೂ ಸಿಗುತ್ತದೆ, ಈ ತಾಪತ್ರಯ ಬೇಡ ಅನ್ನುವವರು ಅದನ್ನು ನೋಡಬಹುದು.

ಡ್ಯಾಶ್‌ಬೋರ್ಡ್, ಬಾಗಿಲು, ಹಿಂದೆ ನೇತುಹಾಕಿದ ಸ್ಟೆಪ್ನಿ ಇವುಗಳ ಸದ್ದಿಗೆ ಈ ಕಿಟ್ ಬೇಕಿಲ್ಲ. ಪಕ್ಕದವರು ಕೈಯಿಂದ ಒತ್ತಿ ಹಿಡಿದರೆ ಸದ್ದು ನಿಲ್ಲುತ್ತದೆ, ಜಾಗ ಗೊತ್ತಾಗುತ್ತದೆ. ಇಂಜಿನ್ ಬೆಲ್ಟಿನ ಪುಲ್ಲಿ, ಆಲ್ಟರ್ನೇಟರ್ ಬೇರಿಂಗಿಗೆ ಉದ್ದ ಕಡ್ಡಿಯ ಮೆಕ್ಯಾನಿಕ್ ಸ್ಟೆತಸ್ಕೋಪೇ ಸಾಕು, ಅದು ಬಲು ಅಗ್ಗ. ಗಾಡಿ ನಿಂತಿರುವಾಗ ಬಾರದೆ, ನೆಲದ ಮೇಲೆ ಒದ್ದಾಡುವಾಗ ಮಾತ್ರ ಬರುವ ಸದ್ದಿಗೆ ಈ ಆರು ಕ್ಲಿಪ್ಪು. ನನ್ನ ಕಿಟ್ ಈಗ ಗೆಳೆಯನ ಗಾಡಿಯ ಕೆಳಗಿದೆ. ಅವನದ್ದು ವೇಗದ ಜೊತೆ ಏರುವ ಚಿಕ್ ಚಿಕ್. ವೈರು ಕಟ್ಟುವ ಮೊದಲು ಗ್ರೀಸ್ ಗನ್ ಹಿಡಿದು ಜಾಯಿಂಟಿನ ನಾಲ್ಕೂ ಬೇರಿಂಗ್ ಕಪ್‌ಗಳಿಂದ ಹೊಸ ಗ್ರೀಸ್ ಹೊರಬರುವ ತನಕ ತುಂಬು, ಆಮೇಲೂ ಬಂದರೆ ಕ್ಲಿಪ್ ಹಾಕು ಅಂತ ಹೇಳಿದ್ದೇನೆ.